ಹೊಸ್ತಿಲಿನಿಂದ ಎಸೆತದ ವೃತ್ತದವರೆಗೆ: ಗಾಲಿಕುರ್ಚಿಯಲ್ಲಿ ಕುಳಿತು ಆಟ ಶುರು ಮಾಡುವ ಬಗೆ

ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ ಮೇಲೆ ನಾನು ಮೊದಲು ಕಲಿತದ್ದು ಗುಂಡು ಎಸೆಯುವುದನ್ನಲ್ಲ, ನಮ್ಮ ಮನೆಯ ಹೊಸ್ತಿಲು ದಾಟುವುದನ್ನು. ಹಲಸಿನ ಮರದ ಹೊಸ್ತಿಲು, ಐದು ಇಂಚು ಎತ್ತರ. ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರಗಳು ಅದಕ್ಕೆ ತಾಗಿ ನಿಂತವೆಂದರೆ ಆ ದಿನ ನಾನು ಒಳಗೇ. ತಮ್ಮ ಎರಡಡಿಯ ಹಲಗೆಯೊಂದನ್ನು ತಂದು ಇಳಿಜಾರು ಮಾಡಿಕೊಟ್ಟ. ಮರುದಿನ ಬೆಳಿಗ್ಗೆ ಅಮ್ಮ ಎಂದಿನಂತೆ ಹೊಸ್ತಿಲಿಗೆ ಅರಿಸಿನ ಹಚ್ಚಿದವಳು, ಹಲಗೆಯೂ ಇನ್ನು ಮನೆಯದೇ ಅಲ್ಲವೇ ಎಂದು ಅದರ ಮೇಲೂ ರಂಗೋಲಿ ಎಳೆದಿದ್ದಳು. ಪುಡಿಯ ಮೇಲೆ ಚಕ್ರ ಜಾರಿತು. ನಾನು ಅಂಗಳದಲ್ಲಿ ಅಂಗಾತ ಬಿದ್ದಿದ್ದೆ.

ರಂಗೋಲಿಯದು ಅರ್ಧ ತಪ್ಪು, ಹಲಗೆಯದು ಅರ್ಧ. ಇಳಿಜಾರಿಗೆ ಒಂದೇ ಲೆಕ್ಕ: ಒಂದು ಇಂಚು ಏರಲು ಹನ್ನೆರಡು ಇಂಚು ಉದ್ದ ಬೇಕು. ಐದು ಇಂಚಿನ ಹೊಸ್ತಿಲಿಗೆ ಐದಡಿ ಹಲಗೆ. ಆರಾರು ಇಂಚಿನ ಮೂರು ಮೆಟ್ಟಿಲಿರುವ ಜಗುಲಿಗೆ ಹದಿನೆಂಟು ಅಡಿ. ಈಗ ನಮ್ಮ ಹಲಗೆ ಐದಡಿಯದು, ಮೇಲೆ ಹಳೆಯ ಸೈಕಲ್ ಟೈರಿನ ಪಟ್ಟಿಗಳನ್ನು ಮೊಳೆ ಹೊಡೆದು ಕೂರಿಸಿದ್ದೇವೆ. ರಂಗೋಲಿ ಪಕ್ಕಕ್ಕೆ ಸರಿದಿದೆ.

ಯಾರಾದರೂ ಫೋನ್ ಮಾಡಿ ‘ಯಾವ ಆಟ ಶುರು ಮಾಡಲಿ?’ ಎಂದು ಕೇಳಿದರೆ ನಾನು ಮೊದಲು ಅವರ ಕುರ್ಚಿಯ ಫೋಟೊ ಕಳಿಸಿ ಎನ್ನುತ್ತೇನೆ. ಕುರ್ಚಿ, ಚರ್ಮ, ಹೆಗಲು, ಆಮೇಲೆ ಆಟ. ಈ ಸರದಿ ತಪ್ಪಿಸಿದವರು ಆರು ತಿಂಗಳೊಳಗೆ ಹಾಸಿಗೆ ಹಿಡಿದದ್ದನ್ನು ಕಂಡಿದ್ದೇನೆ. ಸರ್ಕಾರಿ ಕಾಗದಗಳಲ್ಲಿ ನಾವು ವಿಕಲಚೇತನರು. ಚೇತನಕ್ಕೆ ಏನೂ ಆಗಿಲ್ಲ, ಆದದ್ದೆಲ್ಲ ಕಾಲಿಗೆ ಎಂದು ಹೇಳಬೇಕೆನಿಸುತ್ತದೆ, ಆದರೆ ಆ ಜಗಳ ಇನ್ನೊಂದು ದಿನಕ್ಕಿರಲಿ. ಈ ಬರಹ ಹೆಚ್ಚಾಗಿ ಗಾಲಿಕುರ್ಚಿ ಬಳಸುವವರಿಗೆ. ಊರುಗೋಲು, ಕೃತಕ ಕಾಲು ಬಳಸುವವರಿಗೂ ಬೇಕಾದದ್ದು ನಡುನಡುವೆ ಬರುತ್ತದೆ.

ಹೆಜ್ಜೆ 1: ವೈದ್ಯರಲ್ಲಿ ಸರಿಯಾದ ಪ್ರಶ್ನೆ ಕೇಳಿ

‘ವ್ಯಾಯಾಮ ಮಾಡಬಹುದೇ ಡಾಕ್ಟರ್?’ ಎಂದು ಕೇಳಬೇಡಿ. ‘ಹುಷಾರಾಗಿ ಮಾಡಿ’ ಎಂಬ ಉತ್ತರ ಸಿಗುತ್ತದೆ, ಅದನ್ನು ಇಟ್ಟುಕೊಂಡು ಏನೂ ಮಾಡಲಾಗದು. ಪೆಟ್ಟು ಬಿದ್ದದ್ದು ಬೆನ್ನುಹುರಿಯ ಯಾವ ಮಟ್ಟದಲ್ಲಿ, ಕಾಲಿನ ಮೂಳೆ ಎಷ್ಟು ಸವೆದಿದೆ, ಮೂತ್ರಕೋಶ ಮತ್ತು ಮೂತ್ರಪಿಂಡ ಹೇಗಿವೆ, ಹೆಗಲ ಕೀಲಿನಲ್ಲಿ ಈಗಾಗಲೇ ತೊಂದರೆ ಇದೆಯೇ ಎಂದು ಕೇಳಿ. ನಿಂತು ಭಾರ ಹೊರದ ಕಾಲಿನ ಮೂಳೆ ಕೆಲವೇ ವರ್ಷಗಳಲ್ಲಿ ಟೊಳ್ಳಾಗುತ್ತದೆ. ಮಂಚದಿಂದ ಕುರ್ಚಿಗೆ ದಾಟುವಾಗ ಕಾಲು ತಿರುಚಿದರೂ ಮುರಿಯಬಹುದು. ಸ್ಪರ್ಶವಿಲ್ಲದ ಕಾಲಾದರೆ ಮುರಿದದ್ದು ತಿಳಿಯುವುದು ಊದಿಕೊಂಡ ಮೇಲೆಯೇ.

ಪೆಟ್ಟು ಎದೆಭಾಗದ ಆರನೆಯ ಕಶೇರುಕದ ಮಟ್ಟದಲ್ಲಿ, ಅಂದರೆ ವೈದ್ಯರ ಚೀಟಿಯಲ್ಲಿ ‘ಟಿ 6’ ಎಂದು ಬರೆದಿರುವಲ್ಲಿ ಅಥವಾ ಅದಕ್ಕಿಂತ ಮೇಲಿದ್ದರೆ ಒಂದು ಅಪಾಯವನ್ನು ಬಾಯಿಪಾಠ ಮಾಡಿಕೊಳ್ಳಲೇಬೇಕು. ಮೂತ್ರಕೋಶ ತುಂಬಿದಾಗ, ಮಲ ಕಟ್ಟಿದಾಗ, ಪಟ್ಟಿ ಬಿಗಿದಾಗ, ಅಷ್ಟೇಕೆ, ಶೂ ಒಳಗೆ ಕಲ್ಲು ಸಿಕ್ಕಾಗಲೂ ರಕ್ತದೊತ್ತಡ ದಿಢೀರನೆ ಏರಬಹುದು. ತಲೆ ಸಿಡಿಯುತ್ತದೆ, ಮುಖ ಕೆಂಪಾಗುತ್ತದೆ, ಪೆಟ್ಟಿನ ಮಟ್ಟಕ್ಕಿಂತ ಮೇಲೆ ಬೆವರು ಹರಿಯುತ್ತದೆ. ಇದಕ್ಕೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂದು ಹೆಸರು. ಆ ಹೊತ್ತಿಗೆ ಮಲಗಿಸಬಾರದು, ನೆಟ್ಟಗೆ ಕೂರಿಸಬೇಕು. ಬಟ್ಟೆ, ಬೆಲ್ಟ್, ಕಾಲಿನ ಪಟ್ಟಿ ಸಡಿಲಿಸಿ ಮೂತ್ರ ಖಾಲಿ ಮಾಡಿಸಬೇಕು. ಹಾಗೂ ಇಳಿಯದಿದ್ದರೆ ಆಸ್ಪತ್ರೆಗೆ ಓಡಬೇಕು, ತಡ ಮಾಡಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಜೊತೆಗೆ ಬರುವ ಅಣ್ಣನೋ ಹೆಂಡತಿಯೋ ಗೆಳೆಯನೋ ಇದನ್ನು ತಿಳಿದಿರಬೇಕು. ಇಂಥವರಿಗೆ ನಾಡಿಬಡಿತದ ಲೆಕ್ಕವೂ ನಂಬಿಕೆಗೆ ಬಾರದು. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಏದುಸಿರು ಬಂದರೆ ಶ್ರಮ ಸರಿಯಾಗಿದೆ ಎಂದುಕೊಳ್ಳಿ.

ಬಾಲ್ಯದಲ್ಲಿ ಪೋಲಿಯೊ ಬಂದವರಿಗೆ ಎಚ್ಚರಿಕೆ ಬೇರೆ. ಅವರ ಸ್ನಾಯುಗಳು ದಶಕಗಳಿಂದ ಹೆಚ್ಚುವರಿ ದುಡಿಮೆ ಮಾಡಿ ದಣಿದಿರುತ್ತವೆ. ‘ನೋವು ಬಂದರೆ ಬಲ ಬಂತು’ ಎಂಬ ಜಿಮ್ ಮಾತು ಅವರಿಗೆ ವಿಷ. ಇವತ್ತಿನ ದಣಿವು ನಾಳೆ ಬೆಳಿಗ್ಗೆಗೂ ಉಳಿದರೆ ನಿನ್ನೆ ಮಾಡಿದ್ದರಲ್ಲಿ ಅರ್ಧ ಕಡಿಮೆ ಮಾಡಿ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳ ಹತೋಟಿ ತಪ್ಪುವ ಸ್ಥಿತಿ) ಇರುವವರು ಮೈ ಬಿಸಿ ಮಾಡುವುದಕ್ಕೇ ಇಪ್ಪತ್ತು ನಿಮಿಷ ಕೊಡಬೇಕು, ಚಳಿ ಮತ್ತು ಅವಸರ ಎರಡೂ ಸ್ನಾಯುವಿನ ಬಿಗಿತವನ್ನು ಹೆಚ್ಚಿಸುತ್ತವೆ. ಸ್ಪೈನಾ ಬೈಫಿಡಾ (ಹುಟ್ಟುವಾಗಲೇ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಸ್ಥಿತಿ) ಇರುವವರಲ್ಲಿ ಹಲವರಿಗೆ ಲ್ಯಾಟೆಕ್ಸ್ ರಬ್ಬರಿನ ಅಲರ್ಜಿ ಇರುತ್ತದೆ, ಅವರು ರಬ್ಬರ್ ಬ್ಯಾಂಡ್ ಮುಟ್ಟುವ ಮೊದಲು ವಿಚಾರಿಸಲಿ. ಕೃತಕ ಕಾಲಿನವರು ಆಟದ ನಡುನಡುವೆ ಮೊಂಡುಗಾಲು ಕೂರುವ ಸಾಕೆಟ್ ಕಳಚಿ, ಬೆವರು ಒರೆಸಿ, ಒಣ ಕಾಲುಚೀಲ ಹಾಕಿಕೊಂಡು ಮುಂದುವರಿಯಲಿ.

ಜ್ವರ, ನಾತ ಬರುವ ಅಥವಾ ಬಗ್ಗಡ ಮೂತ್ರ, ಬಾಯಿಬಿಟ್ಟ ಹುಣ್ಣು, ಒಂದೇ ಕಾಲು ಊದಿ ಬಿಸಿಯಾಗಿರುವುದು, ಇವುಗಳಲ್ಲಿ ಯಾವುದಿದ್ದರೂ ಆ ದಿನ ಆಟವಿಲ್ಲ. ಕಾಲು ಊದಿದ್ದರೆ ಅಂದೇ ವೈದ್ಯರಿಗೆ ತೋರಿಸಿ.

ಹೆಜ್ಜೆ 2: ಕುರ್ಚಿ ಮೈಗೆ ಹೊಂದಬೇಕು

ಆಸ್ಪತ್ರೆಯಲ್ಲಿ ರೋಗಿಯನ್ನು ತಳ್ಳಿಕೊಂಡು ಹೋಗುವ ಕುರ್ಚಿಯನ್ನೇ ಮನೆಗೆ ತಂದು ಅದರಲ್ಲೇ ಜೀವನ ಕಳೆಯುವುದು ನಮ್ಮಲ್ಲಿ ಮಾಮೂಲು. ಸುಮಾರು 18 ಕೆ.ಜಿ. ತೂಕ, ಜೋಲಿಯಂತೆ ಇಳಿಬಿದ್ದ ಸೀಟು, ಎಲ್ಲರಿಗೂ ಒಂದೇ ಅಳತೆ. ಅದನ್ನು ಕಟ್ಟಿದ್ದೇ ಬೇರೊಬ್ಬರು ತಳ್ಳಲೆಂದು. ಅದರಲ್ಲಿ ನೀವೇ ತಳ್ಳಿಕೊಂಡು ದಿನಕ್ಕೆ ಎರಡು ಕಿಲೋಮೀಟರ್ ಹೋದರೆ ಮೊದಲು ಸವೆಯುವುದು ಹೆಗಲು.

ಅಳತೆ ನೋಡಲು ಒಂದು ಟೇಪು ಸಾಕು. ಗಟ್ಟಿ ಮಣೆಯ ಮೇಲೆ ಕುಳಿತು ಸೊಂಟದ ಅತಿ ಅಗಲದ ಭಾಗವನ್ನು ಅಳೆಯಿರಿ. ಸೀಟು ಅದಕ್ಕಿಂತ ಎರಡು ಬದಿ ಸೇರಿ ಎರಡರಿಂದ ನಾಲ್ಕು ಸೆಂಟಿಮೀಟರ್ ಹೆಚ್ಚಿರಲಿ, ಅಷ್ಟೇ. ಅಗಲದ ಕುರ್ಚಿ ಆರಾಮ ಎಂದುಕೊಳ್ಳುವವರಿದ್ದಾರೆ. ಅದರಲ್ಲಿ ಮೈ ಒಂದು ಬದಿಗೆ ವಾಲಿ ಬೆನ್ನು ಸೊಟ್ಟಾಗುತ್ತದೆ, ಚಕ್ರ ದೂರವಾಗಿ ತೋಳು ರೆಕ್ಕೆಯಂತೆ ಅಗಲಿಸಿ ತಳ್ಳಬೇಕಾಗುತ್ತದೆ. ಸೀಟಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಮೂರು ಬೆರಳು ಹಿಡಿಸಬೇಕು. ತೋಳುಗಳನ್ನು ಇಳಿಬಿಟ್ಟರೆ ಬೆರಳ ತುದಿ ಹಿಂಚಕ್ರದ ನಡುಗುಂಬಕ್ಕೆ ತಾಗಬೇಕು. ಕೈಯನ್ನು ಚಕ್ರದ ನೆತ್ತಿಯ ಮೇಲಿಟ್ಟಾಗ ಮೊಣಕೈ ಲಂಬಕೋನಕ್ಕಿಂತ ತುಸು ಹೆಚ್ಚು, 100ರಿಂದ 120 ಡಿಗ್ರಿಯಷ್ಟು ತೆರೆದಿರಬೇಕು. ಹಿಂಚಕ್ರದ ಅಚ್ಚನ್ನು ಮುಂದಕ್ಕೆ ತಂದಷ್ಟೂ ಕುರ್ಚಿ ಹಗುರವಾಗಿ ಓಡುತ್ತದೆ, ಅಷ್ಟೇ ಸುಲಭವಾಗಿ ಹಿಂದಕ್ಕೆ ಮಗುಚುತ್ತದೆ. ಆದ್ದರಿಂದ ಒಂದೊಂದು ಸೆಂಟಿಮೀಟರಿನಂತೆ ಸರಿಸಿ, ಕಲಿಯುವ ತನಕ ಹಿಂದಿನ ಆಧಾರ ಚಕ್ರಗಳನ್ನು ಬಿಚ್ಚಬೇಡಿ.

ಅಳತೆಗೆ ಹೊಂದಿಸಿ ಕೊಡುವ ಕುರ್ಚಿಗಳು ಈಗ ದೇಶದಲ್ಲೇ ತಯಾರಾಗುತ್ತಿವೆ. ಐಐಟಿ ಮದ್ರಾಸಿನಲ್ಲಿ ಹುಟ್ಟಿದ ನಿಯೊಮೋಷನ್ ಕಂಪನಿಯ ನಿಯೊಫ್ಲೈ ಅಂಥದ್ದು. ಅದೇ ಐಐಟಿ 2025ರಲ್ಲಿ ಹೊರತಂದ ವೈಡಿ ಒನ್ ಕುರ್ಚಿಯ ತೂಕ ಸುಮಾರು 9 ಕೆ.ಜಿ. ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಮತ್ತು 1959ರಲ್ಲಿ ಎನ್.ಎಸ್. ಹೇಮಾ ಅವರು ಆರಂಭಿಸಿದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ), ಅಂಗವಿಕಲರ ಪುನರ್ವಸತಿ ಮತ್ತು ಸಲಕರಣೆಗಳ ಕೆಲಸದಲ್ಲಿ ಹಳೆಯ ಹೆಸರುಗಳು. ಕೇಂದ್ರದ ಅಡಿಪ್ ಯೋಜನೆಯಡಿ ಆದಾಯ ಮಿತಿಯೊಳಗಿನವರಿಗೆ ಸಲಕರಣೆ ಸಿಗುತ್ತದೆ. ಶಿಬಿರದಲ್ಲಿ ಕುರ್ಚಿ ಕೊಡುವಾಗ ಫೋಟೊಗೆ ನಗುವ ಮೊದಲು ಅಳತೆ ಕೇಳಿ, ಸಂಕೋಚ ಬೇಡ.

ಕ್ರೀಡಾ ಕುರ್ಚಿ? ಅದು ಸದ್ಯಕ್ಕೆ ಬೇಡ. ಯಾವ ಆಟ ಎಂದು ಗೊತ್ತಾಗುವ ಮೊದಲೇ ಸಾಲ ಮಾಡಿ ರೇಸಿಂಗ್ ಕುರ್ಚಿ ತರುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಈಗ ದುಡ್ಡು ಹಾಕಬೇಕಾದದ್ದು ಮೆತ್ತೆಗೆ.

ಹೆಜ್ಜೆ 3: ಕನ್ನಡಿ ಹಿಡಿಯಿರಿ

ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಪೃಷ್ಠದ ಹುಣ್ಣಿಗೆ ಬೇಕೇ ಬೇಕು. ಸ್ಪರ್ಶವಿಲ್ಲದ ಕಡೆ ಚರ್ಮ ಸಾಯುತ್ತಿರುವುದನ್ನು ಮೈ ಹೇಳುವುದಿಲ್ಲ, ಕಣ್ಣೇ ಹೇಳಬೇಕು.

ನನ್ನ ಮೊದಲ ಕೂಟಕ್ಕೆ ರಾತ್ರಿ ಬಸ್ಸಿನಲ್ಲಿ ಹೋದೆ. ಮೆತ್ತೆಯನ್ನು ಕುರ್ಚಿಯ ಜೊತೆಗೆ ಡಿಕ್ಕಿಗೆ ಹಾಕಿಸಿದ್ದೆ. ಎಂಟು ಗಂಟೆ ಬಸ್ಸಿನ ಸೀಟಿನ ಮೇಲೆ ಅಲ್ಲಾಡದೆ ಕುಳಿತು, ಬೆಳಿಗ್ಗೆ ಗುಂಡು ಎಸೆದು, ಸಂಜೆ ಅದೇ ಬಸ್ಸು ಹತ್ತಿ ವಾಪಸ್. ಮನೆಯಲ್ಲಿ ಕನ್ನಡಿ ಹಿಡಿದಾಗ ಕೂರುವ ಮೂಳೆಯ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಕಡುಗೆಂಪು ಕಲೆ. ಬೆರಳಿಂದ ಒತ್ತಿದರೂ ಬಿಳಿಚಿಕೊಳ್ಳಲಿಲ್ಲ. ಅಂದರೆ ಒಳಗೆ ಆಗಲೇ ಕೆಟ್ಟಿತ್ತು. ಏಳು ವಾರ ಬೋರಲು ಮಲಗಿದೆ. ಎಸೆದದ್ದು ಆರು ಸಲ, ಮಲಗಿದ್ದು ನಲವತ್ತೊಂಬತ್ತು ದಿನ.

ಬೆಳಿಗ್ಗೆ ಮತ್ತು ರಾತ್ರಿ ಕನ್ನಡಿಯಲ್ಲಿ ಅಥವಾ ಮೊಬೈಲಿನಲ್ಲಿ ಫೋಟೊ ತೆಗೆದು ಕೂರುವ ಮೂಳೆಗಳು, ಬಾಲದ ಮೂಳೆ, ಹಿಮ್ಮಡಿ, ಕಾಲಿನ ಗಂಟು ನೋಡಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದಿರಬಹುದು. ಆಗ ಬಣ್ಣಕ್ಕಿಂತ ಬಿಸಿ, ಗಟ್ಟಿತನ, ಹೊಳಪು ನಂಬಿ. ಕುಳಿತಿರುವಾಗ ಪ್ರತಿ 15ರಿಂದ 30 ನಿಮಿಷಕ್ಕೊಮ್ಮೆ ಮೊಣಕಾಲ ಮೇಲೆ ಎದೆಯಿಟ್ಟು ಮುಂದಕ್ಕೆ ಬಾಗಿ, ಅಥವಾ ಒಂದೊಂದು ಬದಿಗೆ ವಾಲಿ, ಎರಡು ನಿಮಿಷ ಹಾಗೇ ಇರಿ. ಕೈಯೂರಿ ಮೈಯನ್ನು ಎತ್ತಿ ಐದು ಸೆಕೆಂಡಿಗೆ ಇಳಿಸಿದರೆ ರಕ್ತ ಮರಳುವಷ್ಟು ಸಮಯ ಸಿಗುವುದಿಲ್ಲ, ಹೆಗಲಿಗೂ ಅದು ಹೊರೆ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ, ನಾಚಿಕೆಯೇನಿಲ್ಲ.

ಮೆತ್ತೆ ಗಾಳಿಯದೋ ಜೆಲ್ ತುಂಬಿದ್ದೋ ಫೋಮಿನದೋ ಎಂಬುದಕ್ಕಿಂತ ಅದು ತಳ ಮುಟ್ಟುತ್ತಿದೆಯೇ ಎಂಬುದು ಮುಖ್ಯ. ಕುಳಿತ ಮೇಲೆ ಮೆತ್ತೆಯ ಕೆಳಗೆ ಅಂಗೈ ಮೇಲ್ಮುಖವಾಗಿ ತೂರಿಸಿ ನೋಡಿ. ಮೂಳೆ ಬೆರಳಿಗೆ ಒತ್ತಿದರೆ ಮೆತ್ತೆಯ ಆಯಸ್ಸು ಮುಗಿದಿದೆ. ಹರಿದ ದಿಂಬನ್ನು ಮಡಿಸಿಟ್ಟುಕೊಳ್ಳುವುದು ಮೆತ್ತೆಯಲ್ಲ.

ಹೆಜ್ಜೆ 4: ಕಿಟಕಿ ಸರಳು, ಸೈಕಲ್ ಟ್ಯೂಬು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ಅಂಗವಿಕಲತೆಯುಳ್ಳ ವಯಸ್ಕರಿಗೂ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಹೇಳುತ್ತದೆ. ಅದನ್ನು ಕೇಳಿ ಹೆದರಬೇಕಿಲ್ಲ. ಬೆನ್ನುಹುರಿ ಪೆಟ್ಟಿನವರಿಗೆಂದೇ 2018ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಇನ್ನೂ ಸಣ್ಣದರಿಂದ ಆರಂಭಿಸುತ್ತದೆ: ವಾರಕ್ಕೆ ಎರಡು ದಿನ, ಉಸಿರೇರುವ ಶ್ರಮ 20 ನಿಮಿಷ, ಜೊತೆಗೆ ಕೆಲಸ ಮಾಡುವ ಪ್ರತಿ ಮುಖ್ಯ ಸ್ನಾಯುವಿಗೆ ಮೂರು ಸುತ್ತು ಬಲವರ್ಧನೆ. ಮಂಗಳವಾರ, ಶುಕ್ರವಾರ ಎಂದು ಗೊತ್ತುಮಾಡಿಕೊಂಡರೆ ಮುಗಿಯಿತು.

ತಳ್ಳುವ ಕೆಲಸ ದಿನವಿಡೀ ನಡೆಯುವುದರಿಂದ ಎದೆ ಮತ್ತು ಹೆಗಲ ಮುಂಭಾಗ ತಾವಾಗಿಯೇ ಬಿಗಿಯುತ್ತವೆ. ಹಿಂಭಾಗ ಸೊರಗುತ್ತದೆ. ಆದ್ದರಿಂದ ಮನೆಯ ಕಸರತ್ತಿನಲ್ಲಿ ಎಳೆಯುವುದು ಹೆಚ್ಚು, ತಳ್ಳುವುದು ಕಡಿಮೆ. ಹಳೆಯ ಸೈಕಲ್ ಟ್ಯೂಬನ್ನು ಕಿಟಕಿಯ ಸರಳಿಗೆ ಮೊಣಕೈ ಎತ್ತರದಲ್ಲಿ ಕಟ್ಟಿ. ಬ್ರೇಕ್ ಹಾಕಿ, ಕಿಟಕಿಗೆ ಮುಖ ಮಾಡಿ ಕುಳಿತು, ಎರಡೂ ಕೈಯಿಂದ ಟ್ಯೂಬನ್ನು ಪಕ್ಕೆಲುಬಿನವರೆಗೆ ಎಳೆಯಿರಿ. ಬೆನ್ನ ಹಲಗೆಗಳೆರಡೂ ಹತ್ತಿರ ಬರಬೇಕು, ಹೆಗಲು ಕಿವಿಯತ್ತ ಏರಬಾರದು. ಹತ್ತು ಸಲ ಎಳೆದು ಒಂದು ನಿಮಿಷ ಸುಧಾರಿಸಿಕೊಳ್ಳಿ. ಹೀಗೆ ಮೂರು ಸುತ್ತು. ಆಮೇಲೆ ಕುರ್ಚಿಯನ್ನು ಅಡ್ಡ ತಿರುಗಿಸಿ, ಮೊಣಕೈ ಮತ್ತು ಪಕ್ಕೆಲುಬಿನ ನಡುವೆ ಮಡಿಸಿದ ಟವೆಲ್ ಇಟ್ಟುಕೊಂಡು, ಮುಂಗೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ ಎಳೆಯಿರಿ. ಟವೆಲ್ ಬಿದ್ದರೆ ಕ್ರಮ ತಪ್ಪಿದೆ. ಇದು ನೋಡಲು ಸಪ್ಪೆ, ಭಾರವೂ ಇಲ್ಲ. ಹೆಗಲ ಕೀಲನ್ನು ಹಿಡಿದಿಡುವ ಸಣ್ಣ ಸ್ನಾಯುಗಳಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಬೆರಳ ಹಿಡಿತ ಇಲ್ಲದವರ ಅಂಗೈಗೆ ಟ್ಯೂಬನ್ನು ಹಳೆಯ ಹತ್ತಿ ಸೀರೆಯ ಪಟ್ಟಿಯಿಂದ ಕಟ್ಟಬಹುದು, ರಕ್ತ ಕಟ್ಟದಂತೆ.

ಉಸಿರೇರಿಸಲು ಕೈಯಲ್ಲೇ ಗುದ್ದಾಟ. ನಾಲ್ಕು ನಿಮಿಷದ ಒಂದು ಹಾಡು ಹಾಕಿ, ಮುಗಿಯುವ ತನಕ ಗಾಳಿಗೆ ಗುದ್ದಿ, ಒಂದು ನಿಮಿಷ ಸುಮ್ಮನಿರಿ. ನಾಲ್ಕು ಹಾಡಿಗೆ ಇಪ್ಪತ್ತು ನಿಮಿಷ. ಮುಂಡದ ಹತೋಟಿ ಕಡಿಮೆ ಇರುವವರು ಎದೆಗೆ ಅಗಲದ ಪಟ್ಟಿ ಕಟ್ಟಿಕೊಳ್ಳಲಿ.

ಹೆಜ್ಜೆ 5: ರಸ್ತೆಗಿಳಿಯಿರಿ

ತಳ್ಳುವಾಗ ಗಡಿಯಾರ ನೆನಪಿಡಿ. ಹನ್ನೊಂದರ ಸ್ಥಾನದಲ್ಲಿ ರಿಮ್ ಹಿಡಿದು ಎರಡರ ಸ್ಥಾನದಲ್ಲಿ ಬಿಡಿ, ಬಿಟ್ಟ ಕೈ ರಿಮ್ಮಿನ ಕೆಳಗಿನಿಂದ ಅರ್ಧಚಂದ್ರದಂತೆ ತೂಗಿ ಹಿಂದಕ್ಕೆ ಬರಲಿ. ಉದ್ದನೆಯ, ನಿಧಾನದ ತಳ್ಳು. ಪಟಪಟನೆ ಚಿಕ್ಕದಾಗಿ ತಳ್ಳಿದರೆ ಅದೇ ದೂರಕ್ಕೆ ಹೆಗಲು ಎರಡರಷ್ಟು ಸಲ ದುಡಿಯುತ್ತದೆ. ಟೈರಿನ ಗಾಳಿ ವಾರಕ್ಕೊಮ್ಮೆ ನೋಡಿ, ಮೆತ್ತಗಾದ ಟೈರು ಎಂದರೆ ಸದಾ ಏರು ಹತ್ತಿದಂತೆ.

ಅಭ್ಯಾಸಕ್ಕೆ ಬೆಳಗಿನ ಶಾಲಾ ಮೈದಾನದ ಸಿಮೆಂಟ್ ಅಂಗಳ, ದೇವಸ್ಥಾನದ ರಥಬೀದಿ, ಎಪಿಎಂಸಿ ಯಾರ್ಡಿನ ಸಂತೆಯಿಲ್ಲದ ದಿನ, ಎಲ್ಲವೂ ಆದೀತು. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕ್ ಇದೆ, ಭಾನುವಾರ ಅಲ್ಲಿ ವಾಹನಗಳ ಕಾಟವಿಲ್ಲ. ರಸ್ತೆ ಉಬ್ಬನ್ನು ಓರೆಯಾಗಿ ದಾಟಬೇಡಿ, ನೇರ ಮುಖ ಮಾಡಿ ಮೈಯನ್ನು ಮುಂದಕ್ಕೆ ಬಾಗಿಸಿ ಏರಿ. ಮುಂಚಕ್ರ ಎತ್ತುವುದನ್ನು ಕಲಿಯುವಾಗ ಹಿಂದೆ ಒಬ್ಬರು ನಿಂತಿರಲಿ. ಅವರ ಕೈ ಹಿಡಿಕೆಯ ಹತ್ತಿರವಿರಬೇಕು, ಹಿಡಿಕೆಯ ಮೇಲಲ್ಲ. ಹಿಡಿದುಕೊಂಡೇ ಇದ್ದರೆ ನೀವು ಎಂದೂ ಕಲಿಯುವುದಿಲ್ಲ. ಬೀಳುವುದನ್ನೂ ಕಲಿಯಬೇಕು: ಗಲ್ಲ ಎದೆಗೆ, ಕೈ ನೆಲಕ್ಕೆ ಚಾಚಬಾರದು.

ಹೆಜ್ಜೆ 6: ಆಟ ಆರಿಸುವುದು

ಟಿವಿಯಲ್ಲಿ ಕಂಡ ಆಟವನ್ನಲ್ಲ, ನಿಮ್ಮ ತಾಲ್ಲೂಕಿನಲ್ಲಿ ಸಿಗುವ ಆಟವನ್ನು ಆರಿಸಿ. ವಾರಕ್ಕೆರಡು ಸಲ ತಲುಪಲಾಗದ ಆಟ ಎರಡು ತಿಂಗಳಲ್ಲಿ ನಿಂತುಹೋಗುತ್ತದೆ.

ಈ ಲೆಕ್ಕದಲ್ಲಿ ನನ್ನ ಮೊದಲ ಶಿಫಾರಸು ಪವರ್‌ಲಿಫ್ಟಿಂಗ್. ಕರ್ನಾಟಕದಲ್ಲಿ ಗರಡಿಯೋ ಜಿಮ್ಮೋ ಇಲ್ಲದ ತಾಲ್ಲೂಕು ಕೇಂದ್ರ ಅಪರೂಪ. ಪ್ಯಾರಾ ಪವರ್‌ಲಿಫ್ಟಿಂಗ್‌ನಲ್ಲಿ ಇರುವುದು ಬೆಂಚ್ ಪ್ರೆಸ್ ಒಂದೇ: ಮಲಗಿ, ಕಾಲು ಚಾಚಿ, ಬಾರನ್ನು ಎದೆಗೆ ಇಳಿಸಿ, ಅಲ್ಲಿ ಅಲುಗದಂತೆ ನಿಲ್ಲಿಸಿ, ಎರಡೂ ಕೈ ಸಮವಾಗಿ ಎತ್ತುವುದು. ಸಾಮಾನ್ಯ ಬೆಂಚು ಕಿರಿದು, ಕಾಲಿಗೆ ಜಾಗವಿಲ್ಲ. ಅದರ ತುದಿಗೆ ಅಷ್ಟೇ ಎತ್ತರದ ಇನ್ನೊಂದು ಬೆಂಚು ಜೋಡಿಸಿ, ಕಾಲುಗಳನ್ನು ಅಗಲದ ಪಟ್ಟಿಯಿಂದ ಕಟ್ಟಿ. ಬೆಂಗಳೂರಿನ ಫರ್ಮಾನ್ ಬಾಷಾ ಈ ಆಟದಲ್ಲೇ ಅರ್ಜುನ ಪ್ರಶಸ್ತಿ ಪಡೆದವರು. ಎದೆಯನ್ನು ಬಲಪಡಿಸುವ ಆಟ ಇದು, ಆದ್ದರಿಂದ ಸೈಕಲ್ ಟ್ಯೂಬಿನ ಕಸರತ್ತನ್ನು ಇಲ್ಲಿ ಇನ್ನೂ ನಿಷ್ಠೆಯಿಂದ ಮಾಡಬೇಕು.

ಬ್ಯಾಡ್ಮಿಂಟನ್ ಎರಡನೆಯದು. ಗಾಲಿಕುರ್ಚಿಯ ಸಿಂಗಲ್ಸ್ ಅರ್ಧ ಅಂಕಣದಲ್ಲಿ ನಡೆಯುತ್ತದೆ, ಬಲೆಯ ಬುಡದ ಜಾಗ ಲೆಕ್ಕಕ್ಕಿಲ್ಲ. ನಿಂತು ಆಡಬಲ್ಲವರಿಗೆ ಬೇರೆ ವರ್ಗಗಳಿವೆ. ಹಾಸನದಲ್ಲಿ ಹುಟ್ಟಿದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಎಸ್‌ಎಲ್ 4 ವರ್ಗದಲ್ಲಿ ಟೋಕಿಯೊ ಮತ್ತು 2024ರ ಪ್ಯಾರಿಸ್, ಎರಡೂ ಪ್ಯಾರಾಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು. ಟೇಬಲ್ ಟೆನಿಸ್‌ಗೆ ವಿಶೇಷ ಕುರ್ಚಿಯೇ ಬೇಡ, ಮೇಜಿನ ಕಾಲು ನಿಮ್ಮ ಮೊಣಕಾಲಿಗೆ ಅಡ್ಡ ಬಾರದಿದ್ದರೆ ಸಾಕು. ಗಾಲಿಕುರ್ಚಿ ಆಟಗಾರರಿಗೆ ಸರ್ವ್ ಮಾಡಿದ ಚೆಂಡು ಮೇಜಿನ ಪಕ್ಕದ ಅಂಚಿನಿಂದ ಹೊರಹೋದರೆ ಸರ್ವ್ ಮತ್ತೆ ಮಾಡಬೇಕು. ಹಿಂಬದಿ ಅಂಚಿನಿಂದಲೇ ಹೋಗಬೇಕೆಂಬ ಈ ಒಂದು ನಿಯಮ ಆಟವನ್ನು ನ್ಯಾಯವಾಗಿಸುತ್ತದೆ.

ಈಜು ಮೈಗೆ ಅತ್ಯಂತ ಹಿತ. ಸ್ಪೈನಾ ಬೈಫಿಡಾದೊಂದಿಗೆ ಹುಟ್ಟಿದ ಬೆಂಗಳೂರಿನ ನಿರಂಜನ್ ಮುಕುಂದನ್ ನೀರಿಗಿಳಿದದ್ದು ಚಿಕಿತ್ಸೆಗೆಂದು, ಮುಟ್ಟಿದ್ದು ಪ್ಯಾರಾಲಿಂಪಿಕ್ಸ್. ಆದರೆ ಕೊಳದ ಅಂಚು ಮತ್ತು ತಳದ ಹಂಚು ಸ್ಪರ್ಶವಿಲ್ಲದ ಪಾದವನ್ನು ಕೊರೆದು ಹಾಕುತ್ತವೆ. ಹಳೆಯ ದಪ್ಪ ಕಾಲುಚೀಲ ಹಾಕಿಕೊಂಡೇ ಇಳಿಯಿರಿ, ಅಂಚಿನ ಮೇಲೆ ಯೋಗದ ಚಾಪೆ ಹಾಸಿ ಜಾರಿ. ಕೆರೆ, ಹೊಳೆ ಬೇಡ.

ಕೈಗಳಲ್ಲೂ ಬಲ ಕಡಿಮೆಯಿರುವವರಿಗೆ ಬೋಚ್ಚಾ ಇದೆ. ಚರ್ಮದ ಚೆಂಡನ್ನು ಕೈಯಿಂದ, ಕಾಲಿನಿಂದ ಅಥವಾ ಇಳಿಜಾರು ದೋಣಿಯಿಂದ ಉರುಳಿಸಿ ಬಿಳಿ ಚೆಂಡಿನ ಹತ್ತಿರ ನಿಲ್ಲಿಸುವ ಆಟ. ಗೋಲಿಯಾಡಿದ ಯಾರಿಗೂ ಅದರ ಲೆಕ್ಕಾಚಾರ ಕೂಡಲೇ ಹತ್ತುತ್ತದೆ. ಬಾಸ್ಕೆಟ್‌ಬಾಲ್ ನನಗೆ ಬಲು ಇಷ್ಟ, ಆದರೆ ಹತ್ತು ಜನ, ಹತ್ತು ಕ್ರೀಡಾ ಕುರ್ಚಿ ಒಂದೆಡೆ ಸೇರಬೇಕು. ಅದು ದೊಡ್ಡ ಊರಿನವರ ಭಾಗ್ಯ.

ಹೆಜ್ಜೆ 7: ಗುಂಡು ಎಸೆತದ ಮೊದಲ ದಿನ

ನನ್ನ ಆಟ ಇದಾದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತೇನೆ. ಅಂಗವಿಕಲತೆಯ ಆಟಗಳಲ್ಲಿ ಕನ್ನಡನಾಡಿನ ಹಳೆಯ ಬೇರು ಇಲ್ಲೇ ಇದೆ. ಮಗುವಿದ್ದಾಗಲೇ ಪೋಲಿಯೊ ಬಂದ ಮಾಲತಿ ಹೊಳ್ಳ ಗಾಲಿಕುರ್ಚಿಯಿಂದ ಎಸೆದು, ಓಡಿ, 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಪಡೆದರು.

ಕುಳಿತು ಎಸೆಯಲು ಓಡಾಡುವ ಕುರ್ಚಿ ಸಾಲದು, ನೆಲಕ್ಕೆ ಬಿಗಿದ ಕಬ್ಬಿಣದ ಪೀಠ ಬೇಕು. ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಮೆತ್ತೆಯೂ ಸೇರಿ ಪೀಠದ ಎತ್ತರ 75 ಸೆಂಟಿಮೀಟರ್ ಮೀರಬಾರದು. ಸೀಟು ಮಟ್ಟವಾಗಿರಬೇಕು ಅಥವಾ ಹಿಂದಕ್ಕೆ ತುಸು ಇಳಿದಿರಬಹುದು, ಮುಂದಕ್ಕೆ ವಾಲಿರಬಾರದು. ಎಸೆಯದ ಕೈ ಹಿಡಿದುಕೊಳ್ಳಲು ಒಂದು ನೇರ ಕಂಬಿ. ಇದು ಬಾಗಬಾರದು, ಚಿಮ್ಮಬಾರದು. ವೆಲ್ಡರ್‌ಗೆ ಹೇಳಿ ಮೂಲೆಗಳನ್ನೆಲ್ಲ ಅರದಿಂದ ಉಜ್ಜಿಸಿ, ನಮ್ಮ ತೊಡೆಗೆ ಕಬ್ಬಿಣದ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಪೀಠವನ್ನು ನಾಲ್ಕು ಮೂಲೆಯಿಂದ ಲಾರಿಗೆ ಸರಕು ಬಿಗಿಯುವ ರ‍್ಯಾಚೆಟ್ ಬೆಲ್ಟುಗಳಿಂದ ನೆಲದ ಗೂಟಗಳಿಗೆ ಎಳೆದು ಕಟ್ಟಿ. ಕುಳಿತ ಮೇಲೆ ತೊಡೆಯ ಬುಡ ಮತ್ತು ಮೊಣಕಾಲ ಮೇಲೆ ಪಟ್ಟಿ. ಎಸೆಯುವಾಗ ಪೃಷ್ಠ ಸೀಟಿನಿಂದ ಮೇಲೆದ್ದರೆ ಎಸೆತ ಅಸಿಂಧು.

ಕುಳಿತು ಎಸೆಯುವವರ ವರ್ಗಗಳಲ್ಲೊಂದಾದ ಎಫ್ 57ರಲ್ಲಿ ಪುರುಷರ ಗುಂಡು 4 ಕೆ.ಜಿ., ಮಹಿಳೆಯರದು 3 ಕೆ.ಜಿ. ಮೊದಲ ದಿನ ಅದನ್ನು ಮುಟ್ಟಬೇಡಿ. ಹಳೆಯ ಕ್ರಿಕೆಟ್ ಚೆಂಡಿನಿಂದ ಶುರು ಮಾಡಿ, ಎರಡನೆಯ ವಾರ ಒಂದು ಕೆ.ಜಿ. ಮರಳಿನ ಚೀಲ. ಗುಂಡು ಅಂಗೈಯಲ್ಲಿ ಕೂರುವುದಲ್ಲ, ಬೆರಳ ಬುಡದಲ್ಲಿ ಕೂರಬೇಕು. ಗುಂಡು ಕುತ್ತಿಗೆಗೆ ಒತ್ತಿರಲಿ, ಮೊಣಕೈ ಹೊರಗೆ ಎತ್ತಿರಲಿ. ಹೊಸಬರು ಕೈಯಿಂದ ಎಸೆಯುತ್ತಾರೆ. ದೂರ ಹೋಗುವುದು ಎಡಗೈ ಕಂಬಿಯನ್ನು ಎಳೆದಾಗ. ಕಂಬಿ ಎಳೆದ ಕೂಡಲೇ ಎದೆ ತಿರುಗುತ್ತದೆ, ಎದೆಯ ಹಿಂದೆ ಹೆಗಲು, ಹೆಗಲ ಹಿಂದೆ ಮೊಣಕೈ, ಕೊನೆಯಲ್ಲಿ ಬೆರಳು. ಒಂದು ಬಾಗಿಲನ್ನು ಒಂದು ಕೈಯಿಂದ ಎಳೆಯುತ್ತ ಇನ್ನೊಂದರಿಂದ ಕಲ್ಲು ತಳ್ಳಿದಂತೆ. ನನಗೆ ಇದು ಅರ್ಥವಾಗಲು ಒಂದು ಮಳೆಗಾಲವೇ ಬೇಕಾಯಿತು. ಅರ್ಥವಾದ ದಿನ ನನ್ನ ಗುಂಡು ಒಂದೂವರೆ ಮೀಟರ್ ಮುಂದೆ ಬಿತ್ತು, ಕೈಗೆ ಏನೂ ಮಾಡಿದಂತೆಯೇ ಅನಿಸಲಿಲ್ಲ.

ದಿನಕ್ಕೆ ಇಪ್ಪತ್ತೈದು ಎಸೆತ ಸಾಕು. ವಾರಕ್ಕೆ ಮೂರು ದಿನ. ನೆಲಬಾಂಬಿನಲ್ಲಿ ಕಾಲು ಕಳೆದುಕೊಂಡ ನಾಗಾಲ್ಯಾಂಡಿನ ಸೈನಿಕ ಹೊಕಾಟೊ ಸೆಮಾ ಪ್ಯಾರಿಸ್‌ನಲ್ಲಿ ಕಂಚು ಗೆದ್ದ ಎಫ್ 57 ಎಸೆತ 14.65 ಮೀಟರ್. ಅದನ್ನು ಗೋಡೆಗೆ ಬರೆದಿಟ್ಟುಕೊಳ್ಳಿ, ನಿಮ್ಮ ನಾಲ್ಕು ಮೀಟರನ್ನು ಪುಸ್ತಕದಲ್ಲಿ ಬರೆದುಕೊಳ್ಳಿ.

ಹೆಜ್ಜೆ 8: ನೀರು, ಬಿಸಿಲು ಮತ್ತು ಯಾರೂ ಮಾತನಾಡದ ವಿಷಯ

ಮೈದಾನದಲ್ಲಿ ನಮ್ಮಂಥವರು ಒಳಹೋಗಬಲ್ಲ ಶೌಚಾಲಯ ಇರುವುದಿಲ್ಲ. ಅದಕ್ಕೆ ಎಲ್ಲರೂ, ಹೆಂಗಸರಂತೂ ಖಂಡಿತ, ನೀರನ್ನೇ ಕುಡಿಯದೆ ಬರುತ್ತಾರೆ. ಇದು ಮೂತ್ರದ ಸೋಂಕಿಗೆ ಕೊಡುವ ಆಮಂತ್ರಣ. ಕ್ಯಾತಿಟರ್ (ಮೂತ್ರ ತೆಗೆಯುವ ನಳಿಕೆ) ಹಾಕಿಕೊಳ್ಳುವವರು ನಾಲ್ಕರಿಂದ ಆರು ಗಂಟೆಗೊಮ್ಮೆ ಖಾಲಿ ಮಾಡುವ ಸಮಯವನ್ನು ಅಭ್ಯಾಸದ ವೇಳೆಗೆ ಹೊಂದಿಸಿ, ಆಟದ ಮೊದಲು ಒಮ್ಮೆ, ನಂತರ ಒಮ್ಮೆ. ಸೀರೆಯೋ ಬೆಡ್‌ಶೀಟೋ ಹಗ್ಗದ ಮೇಲೆ ಹಾಕಿ ಮರೆ ಮಾಡಿಕೊಳ್ಳಬಹುದು, ಸೋಪು ನೀರು ಮಾತ್ರ ಮರೆಯಬಾರದು.

ಬೆನ್ನುಹುರಿ ಪೆಟ್ಟಿನವರ ಮೈ ಪೆಟ್ಟಿನ ಮಟ್ಟಕ್ಕಿಂತ ಕೆಳಗೆ ಸರಿಯಾಗಿ ಬೆವರುವುದಿಲ್ಲ, ಒಳಗಿನ ಶಾಖ ಹೊರಹೋಗುವುದಿಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಬೆಳಿಗ್ಗೆ ಎಂಟರ ಮೇಲೆ ಹೊರಗೆ ಅಭ್ಯಾಸವೇ ಬೇಡ. ಉಳಿದ ಕಾಲದಲ್ಲಿ ಇಸ್ತ್ರಿಯವರು ಬಳಸುವ ನೀರು ಚಿಮುಕಿಸುವ ಬಾಟಲಿ ತಂದು ಮುಖ, ಕುತ್ತಿಗೆ, ತೋಳಿಗೆ ಆಗಾಗ ಹೊಡೆದುಕೊಳ್ಳಿ. ಅದು ಬೆವರಿನ ಕೆಲಸ ಮಾಡುತ್ತದೆ. ಬಿಸಿಲಲ್ಲಿ ನಿಂತ ಕಬ್ಬಿಣದ ಪೀಠದ ಮೇಲೆ ಬರಿದೇ ಕುಳಿತು ತೊಡೆ ಸುಟ್ಟುಕೊಂಡವರಿದ್ದಾರೆ, ಮೊದಲು ಮೊಣಕೈಯಿಂದ ಮುಟ್ಟಿ ನೋಡಿ.

ಹೆಜ್ಜೆ 9: ಕಾಗದಪತ್ರ ಮತ್ತು ವರ್ಗೀಕರಣ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸುತ್ತದೆ. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಮಿತಿ. ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಇಲ್ಲದಿದ್ದರೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ. ಕೈಲಾಗದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು, ಕಷ್ಟ ಬಲ್ಲವರು. ಪಂಚಾಯಿತಿಯ ಅನುದಾನದಲ್ಲಿ ಅಂಗವಿಕಲರಿಗೆಂದು ಶೇ 5 ಇರುತ್ತದೆ, ಶಾಲಾ ಮೈದಾನಕ್ಕೆ ಇಳಿಜಾರು ಮಾಡಿಸಲು ಗ್ರಾಮಸಭೆಯಲ್ಲಿ ಕೇಳಿ.

ಇಲ್ಲಿ ಬಹಳ ಮಂದಿ ಎಡವುತ್ತಾರೆ: ಪ್ರಮಾಣಪತ್ರದ ಶೇಕಡವಾರಿಗೂ ಕ್ರೀಡಾ ವರ್ಗಕ್ಕೂ ಸಂಬಂಧವಿಲ್ಲ. ಕೂಟದ ವರ್ಗೀಕರಣಕಾರರು ನಿಮ್ಮ ಸ್ನಾಯುಬಲ, ಕೀಲಿನ ಚಲನೆ, ಸಮತೋಲನವನ್ನು ತಾವೇ ಪರೀಕ್ಷಿಸಿ, ಆಟದ ಚಲನೆ ಮಾಡಿಸಿ, ಸ್ಪರ್ಧೆಯಲ್ಲಿ ನೋಡಿ ವರ್ಗ ಕೊಡುತ್ತಾರೆ. ಶೇ 75ರ ಕಾರ್ಡ್ ಇರುವವರೂ ಒಂದು ಆಟಕ್ಕೆ ಅನರ್ಹರಾಗಬಹುದು, ಇನ್ನೊಂದಕ್ಕೆ ಅರ್ಹರಾಗಬಹುದು. ಬಲ ಮುಚ್ಚಿಡುವ ಚಾಲಾಕಿತನ ಬೇಡ, ಸಿಕ್ಕಿಬಿದ್ದರೆ ನಿಷೇಧ. ಟೋಕಿಯೊದಲ್ಲಿ ಎಫ್ 52 ಡಿಸ್ಕಸ್‌ನಲ್ಲಿ ಭಾರತಕ್ಕೆ ಬಂದ ಕಂಚು ವರ್ಗೀಕರಣದ ತಕರಾರಿನಲ್ಲಿ ಮರುದಿನವೇ ಕೈತಪ್ಪಿತು. ಎಂಆರ್‌ಐ, ಎಕ್ಸ್‌ರೇ, ಶಸ್ತ್ರಚಿಕಿತ್ಸೆಯ ವರದಿಗಳ ಮೂಲಪ್ರತಿ ಮತ್ತು ಎರಡು ನಕಲು ಜೊತೆಗಿರಲಿ.

ಜಿಲ್ಲಾ, ರಾಜ್ಯ ಕೂಟಗಳ ಸುದ್ದಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿ ಮತ್ತು ಯುವಜನ ಕ್ರೀಡಾ ಇಲಾಖೆಯಲ್ಲಿ ಸಿಗುತ್ತದೆ, ಹಳೆಯ ಆಟಗಾರರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದಕ್ಕಿಂತ ಎರಡು ದಿನ ಮೊದಲು ಸಿಗುತ್ತದೆ.

ಪದಕ ಬೇಡದವರಿಗೆ

ಸ್ಪರ್ಧೆ ಎಲ್ಲರಿಗೂ ಸೇರಬೇಕೆಂದಿಲ್ಲ. ನನ್ನ ಬಳಿ ಕಲಿಯಲು ಬಂದ ಒಬ್ಬ ಮಹಿಳೆ ಎರಡೇ ವಾರಕ್ಕೆ ಗುಂಡನ್ನು ಕೆಳಗಿಟ್ಟು, ‘ಇದರಿಂದ ಏನು ಬೆಳೆಯುತ್ತದೆ?’ ಎಂದು ಕೇಳಿದರು. ಈಗ ಅವರ ಅಂಗಳದಲ್ಲಿ ಸೊಂಟದೆತ್ತರಕ್ಕೆ ಕಲ್ಲು ಕಟ್ಟಿ ಮಣ್ಣು ತುಂಬಿದ ಮೂರು ಮಡಿಗಳಿವೆ, ಬಸಳೆ, ಬದನೆ, ಮಲ್ಲಿಗೆ. ಕುರ್ಚಿಯಲ್ಲೇ ಕುಳಿತು ಅಗೆಯುತ್ತಾರೆ, ಬಾವಿಯಿಂದ ಮಡಿಗೆ ದಿನಕ್ಕೆ ಹದಿನೈದು ಸಲ ತಳ್ಳಿಕೊಂಡು ನೀರು ಒಯ್ಯುತ್ತಾರೆ. ವಾರದ 150 ನಿಮಿಷ ಅವರಿಗೆ ಬುಧವಾರಕ್ಕೇ ಮುಗಿದಿರುತ್ತದೆ. ಕೈಯಿಂದ ತುಳಿಯುವ ಮೂರು ಚಕ್ರದ ಸೈಕಲ್ ಇದ್ದರೆ ಮೋಟಾರು ಹಾಕಿಸುವ ಮೊದಲು ವಾರಕ್ಕೆರಡು ದಿನವಾದರೂ ಕೈಯಿಂದಲೇ ತಿರುಗಿಸಿ. ಓಟದ ಗದ್ದಲ ಇಷ್ಟವಾದರೆ ಬೆಂಗಳೂರಿನ ವರ್ಲ್ಡ್ 10ಕೆ ಓಟದ ದಿನ ಅಂಗವಿಕಲರಿಗೆಂದೇ ಪ್ರತ್ಯೇಕ ಓಟವಿದೆ, ಗಡಿಯಾರದ ಗೊಡವೆಯಿಲ್ಲದೆ.

ಹೊರಡುವ ಹಿಂದಿನ ರಾತ್ರಿ

ಕೂಟಕ್ಕೆ ಹೊರಡುವವರ ಚೀಲದಲ್ಲಿ ಗಾಳಿ ಪಂಪು, ಒಂದು ಹೆಚ್ಚುವರಿ ಟ್ಯೂಬು, ಅಲೆನ್ ಕೀ ಗೊಂಚಲು, ಕ್ಯಾತಿಟರ್ ಎರಡು ದಿನಕ್ಕೆ ಹೆಚ್ಚು, ಕನ್ನಡಿ, ಒಣ ಬಟ್ಟೆ, ವರದಿಗಳ ಕಡತ ಇರಲಿ. ರೈಲಿನಲ್ಲಿ ಅಂಗವಿಕಲರ ಬೋಗಿ ಗಾಡಿಯ ಯಾವ ತುದಿಗೆ ಬರುತ್ತದೆಂದು ಮೊದಲೇ ವಿಚಾರಿಸಿ, ಎರಡು ನಿಮಿಷ ನಿಲ್ಲುವ ನಿಲ್ದಾಣದಲ್ಲಿ ಪ್ಲಾಟ್‌ಫಾರಂ ಉದ್ದಕ್ಕೂ ತಳ್ಳಿಕೊಂಡು ಓಡಲಾಗದು. ಕುರ್ಚಿಯನ್ನು ಡಿಕ್ಕಿಗೆ ಕೊಡುವಾಗ ಬಿಚ್ಚಿ ಬರುವ ಭಾಗಗಳನ್ನೆಲ್ಲ ಬಿಚ್ಚಿ ಒಂದು ಗೋಣಿಚೀಲಕ್ಕೆ ಹಾಕಿ ಹೆಸರು ಬರೆಯಿರಿ. ಮೆತ್ತೆಯನ್ನು ಮಾತ್ರ ಯಾರ ಕೈಗೂ ಕೊಡಬೇಡಿ. ಬಸ್ಸಿನ ಸೀಟಿನ ಮೇಲೆ ಹಾಸಿ, ಅದರ ಮೇಲೆ ಕುಳಿತು, ಅರ್ಧ ಗಂಟೆಗೆ ಅಲಾರಂ ಇಟ್ಟುಕೊಳ್ಳಿ.